ತೋಳಿನ ಅಳತೆ

ಸಿಂಗಸಂದ್ರ
9 ಜೂನ್ 2024

ಮಲಕಿ,

ಅಕ್ಷರ ನೋಡಿದ ತಕ್ಷಣ ಯಾರದು ಅಂತ ನಿಂಗೆ ಗೊತ್ತಾಗಿರುತ್ತೆ. ಹರಿದು ಹಾಕೋ ಮುಂಚೆ ಒಂದು ಸಲ ಓದು, ಆಮೇಲೆ ನಿನ್ನಿಷ್ಟ.

ನಿನ್ನ ಹಳೇ ನಂಬರ್ ಹೋಗಲ್ಲ. ನಿಮ್ಮ ವಠಾರದಲ್ಲಿದ್ದ ಶರಣಮ್ಮ ಮೊನ್ನೆ ಬೊಮ್ಮನಹಳ್ಳಿ ಸಂತೇಲಿ ಸಿಕ್ಕಿದ್ರು. ನೀನು ಗುಳೇದಗುಡ್ಡದಲ್ಲಿ ಹುಡುಗೀರಿಗೆ ಹೊಲಿಗೆ ಹೇಳಿಕೊಡ್ತಿದ್ದೀಯ ಅಂದ್ರು. ವಿಳಾಸ ಅವರೇ ಕೊಟ್ಟಿದ್ದು. ಅವರ ಮೇಲೆ ಸಿಟ್ಟಾಗಬೇಡ, ನಾನೇ ಬಲವಂತ ಮಾಡ್ದೆ.

ನಾನೀಗ ಸ್ಕೂಲಿಗೆ ಹೋಗ್ತಿದ್ದೀನಿ ಕಣೇ! ಸ್ವಂತ ಉದ್ಯೋಗ ಶುರು ಮಾಡೋರಿಗೆ ಅಂತ ಒಂದು ತರಬೇತಿ. ಮೂವತ್ತು ಜನ ಇದ್ದೀವಿ, ಎಲ್ಲಾ ಇಪ್ಪತ್ತು ಇಪ್ಪತ್ತೈದರ ಹುಡುಗರು. ಒಬ್ಬಳು ಕೇಕ್ ಮಾಡ್ತಾಳಂತೆ, ಇನ್ನೊಬ್ಬ ಬ್ಯಾಟರಿ ರಿಪೇರಿ ಅಂಗಡಿ ಇಡ್ತಾನಂತೆ. ನನ್ನನ್ನ ಎಲ್ಲರೂ ಆಂಟಿ ಅಂತಾರೆ. ನಾಲ್ಕನೇ ದಿನ ಪರಮಾನಂದ ಸಾರ್ ಅಂತ ಪಾಠ ಹೇಳೋರು ಒಂದು ಹಾಳೆ ಕೊಟ್ರು. ಎಡಗಡೆ ‘ನನ್ನ ಬಲ’, ಬಲಗಡೆ ‘ನನ್ನ ಕೊರತೆ’. ಬಲ ಆರು ಸಾಲು ಬರೆದೆ. ಕೊರತೆ ಕಡೆ ತುಂಬಾ ಯೋಚನೆ ಮಾಡಿ, ‘ಎಲ್ಲರಿಗೂ ಒಳ್ಳೇದು ಮಾಡಕ್ಕೆ ಹೋಗ್ತೀನಿ’ ಅಂತ ಬರೆದೆ.

ಸಾರ್ ಓದಿ ನಕ್ಕುಬಿಟ್ರು. “ವೆಂಕಟಮ್ಮೋರೇ, ಇದು ಕೊರತೆ ಅಲ್ಲ, ನಿಮ್ಮನ್ನ ನೀವೇ ಇನ್ನೊಂದ್ಸಲ ಹೊಗಳ್ಕೊಂಡಿರೋದು. ನಿಮ್ಮ ಜೊತೆ ಕೆಲಸ ಮಾಡಿ, ಜಗಳ ಆಡಿ ಬಿಟ್ಟು ಹೋದವರು ಯಾರಾದ್ರೂ ಇದ್ದಾರಾ? ಅವರನ್ನ ಕೇಳ್ಕೊಂಡು ಬನ್ನಿ.”

ಹುಡುಗರೆಲ್ಲಾ ನಕ್ಕರು. ನನಗೆ ನಗು ಬರಲಿಲ್ಲ.

ನೀನು ಹೇಳು ಮಲಕಿ. ನನ್ನ ಬಗ್ಗೆ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಾರ್ಮೆಂಟ್ಸಲ್ಲಿ ಒಂಬತ್ತು ವರ್ಷ ಒಂದೇ ಲೈನು, ಪಕ್ಕಪಕ್ಕದ ಮಷೀನು. ಆಮೇಲೆ ನಮ್ಮದೇ ಯೂನಿಟ್ ನಾಲ್ಕು ವರ್ಷ. ಮೊದಲನೇ ಮಷೀನ್ ತಂದ ದಿನ ಜ್ಞಾಪಕ ಇದೆಯಾ? ಹೊಸೂರು ರೋಡಲ್ಲಿ ಗೂಡ್ಸ್ ಆಟೋ ಹಿಂದೆ ಇಬ್ಬರೂ ಕೂತು, ಬಾಣಂತಿ ಹಿಡ್ಕೊಂಡಂಗೆ ಮಷೀನ್ ತಬ್ಬಿ ಹಿಡ್ಕೊಂಡಿದ್ವಿ. ಸಿಗ್ನಲ್ಲಲ್ಲಿ ಬಸ್ಸಿನವರೆಲ್ಲಾ ನೋಡ್ತಿದ್ರು. ನೀನು ಸೆರಗು ಮುಖಕ್ಕೆ ಅಡ್ಡ ಹಿಡ್ಕೊಂಡು ನಗ್ತಿದ್ದೆ. ಅಷ್ಟು ನಕ್ಕಿದ್ದು ನಾನು ಮತ್ತೆ ಯಾವತ್ತೂ ಇಲ್ಲ.

ಕೊನೇ ಆರ್ಡರ್ ವಿಷಯ ಬರೀದೇ ಕಾಗದ ಮುಗಿಸಿದ್ರೆ ಕಳ್ಳತನ ಮಾಡಿದಂಗೆ ಆಗುತ್ತೆ. ಪೀಣ್ಯದ ಆ ಕಾರ್ಖಾನೆ ಕೆಲಸಗಾರರ ಕೋಟುಗಳು. ಮಣಿಕಟ್ಟಿಗೆ ಎಲಾಸ್ಟಿಕ್ ಹಾಕಿ ಬಿಗಿ ಮಾಡಬೇಕಿತ್ತು. ಚಿಕ್ಕಪೇಟೆಯಿಂದ ಎಲಾಸ್ಟಿಕ್ ಬರಲಿಲ್ಲ. ಒಪ್ಪಿದ ದಿನ ತಪ್ಪುತ್ತೆ ಅಂತ ತೋಳಿನ ತುದಿ ಸುಮ್ಮನೆ ಮಡಚಿ ಹೊಲಿಸಿಬಿಟ್ಟೆ. ನಿಂಗೂ ಹೇಳಲಿಲ್ಲ, ಅವರಿಗೂ ಹೇಳಲಿಲ್ಲ. ಎಂಟು ದಿನಕ್ಕೆ ದಾಸಪ್ಪ ಅನ್ನೋರ ತೋಳು ಡ್ರಿಲ್ಲಿಂಗ್ ಮಷೀನಿಗೆ ಸಿಕ್ಕಿ ಮುಂಗೈ ಮೂಳೆ ಮುರೀತು. ಕೋಟೆಲ್ಲಾ ವಾಪಸ್ ಬಂತು, ಯೂನಿಟ್ ಮುಚ್ಚಿತು. ಅದೇ ವಾರ ನೀನೂ ಹೇಳದೆ ಕೇಳದೆ ಊರಿಗೆ ಹೋದೆ. ಹೋಗಿದ್ದು ಸರಿ. ತಪ್ಪು ನಂದೇ. ಆದ್ರೆ ಒಂದು ಮಾತು ಬೈದಾದ್ರೂ ಹೋಗಬಹುದಿತ್ತು.

ಬರೀತೀಯ ತಾನೇ?

ನಿನ್ನ,
ವೆಂಕಟಕ್ಕ


ಗುಳೇದಗುಡ್ಡ
2 ಜುಲೈ 2024

ವೆಂಕಟಕ್ಕಾ,

ನಿನ್ನ ಕಾಗದ ಬಂದು ಹದಿನೈದು ದಿನ ಆತು. ದೇವರ ಫೋಟೋದ ಹಿಂದ ಇಟ್ಟಿದ್ನಿ. ನಮ್ಮ ಮನ್ಯಾವ್ರು “ಬರದರ ಬರಿ, ಇಲ್ಲಂದ್ರ ಒಲಿಗೆ ಹಾಕು, ದಿನಾ ತಗದು ತಗದು ನೋಡಬ್ಯಾಡ” ಅಂದ್ರು. ಅದಕ್ಕ ಬರಿಯಾಕ ಕುಂತೀನಿ.

ಫೋನ್ ನಂಬರ್ ಕೊಡಾಂಗಿಲ್ಲ. ಸಿಟ್ಟಿಲೆ ಅಲ್ಲ. ಫೋನಿನ್ಯಾಗ ನೀ ಮಾತಾಡ್ತಿ, ನಾ ಹೂಂ ಅಂತೀನಿ. ಕಾಗದದಾಗ ನನ್ನ ಪಾಳಿನೂ ಬರ್ತೈತಿ.

ಮೊದಲ ನಿನ್ನ ಬಲ ಹೇಳ್ತೀನಿ, ನಿನಗ ಗೊತ್ತಿರಲಿಕ್ಕಿಲ್ಲ. ನಾ ಕೆಲಸಕ್ಕ ಸೇರಿದ ಮೊದಲನೇ ವಾರ. ಬೆಂಗಳೂರ ಭಾಷೆ ತಿಳೀವಲ್ದು, ಮೈಯಾಗ ಆರಾಮಿಲ್ಲ. ಹೊರಗ ಹೋಗಿ ಬರ್ತೀನಿ ಅಂದ್ರ ಸೂಪರ್‌ವೈಸರ್ ಟಾರ್ಗೆಟ್ ಅಂತ ಒದರಿದ. ನಾ ಅಳಾಕ ಹತ್ತಿದ್ನಿ. ನೀ ಎದ್ದು ನಿಂತು, “ಸಾರ್, ಅವಳು ಹೋಗ್ಬರ್ಲಿ. ಅವಳ ಪೀಸ್ ನಾನು ಹೊಲೀತೀನಿ” ಅಂದಿ. ನನ್ನ ಹೆಸರು ಸುದ್ದಾ ನಿನಗ ಗೊತ್ತಿರಲಿಲ್ಲ. ಅವತ್ತು ಮಧ್ಯಾಹ್ನ ಮೆಟ್ಟಲ ಮ್ಯಾಲ ಕುಂತು ನಿನ್ನ ಹುರಳಿಕಾಳು ಸಾರಿನಾಗ ನನ್ನ ರೊಟ್ಟಿ ಅದ್ದಿ ತಿಂದ್ವಿ. ಆ ರುಚಿ ಈಗಲೂ ನಾಲಿಗಿ ಮ್ಯಾಲ ಐತಿ.

ಈಗ ನಿನ್ನ ಕೊರತಿ. ಅದೂ ಇದ ಗುಣನ, ಅಕ್ಕಾ. ಯಾರ ಏನ ಕೇಳಲಿ “ಮಾಡ್ತೀನಿ” ಅಂತಿ. ಆಗಾಂಗಿಲ್ಲ ಅನ್ನೂದು ನಿನಗ ಬರಾಂಗಿಲ್ಲ. ಒಪ್ಪಿಕೊಂಡ ಮ್ಯಾಲ ತಡ ಆತು ಅಂತ ಹೇಳಾಕ ನಾಚಿಕಿ. ಅದನ್ನ ಮುಚ್ಚಾಕ ಮತ್ತೊಂದು ಮಾಡ್ತಿ. ಅವತ್ತು ನನ್ನ ಪೀಸ್ ಹೊಲೀತೀನಿ ಅಂದಿ ಖರೆ, ಆದ್ರ ಸಂಜಿಗೆ ನಿನ್ನವೂ ಉಳದಿದ್ದವು, ನನ್ನವೂ ಉಳದಿದ್ದವು. ಇಬ್ರೂ ಬೈಸಿಕೊಂಡ್ವಿ. ನೀ ಆ ಅರ್ಧ ಮರತಿ.

ಇಷ್ಟ ಬರಕೊಂಡು ನಿಮ್ಮ ಸರ್‌ಗೆ ಕೊಡು.

ಒಂದು ಕೇಳ್ತೀನಿ. ಆ ದಾಸಪ್ಪನ್ನ ನೀ ಒಮ್ಮೆರ ಹೋಗಿ ನೋಡೀ ಏನು?

ಇಂತಿ,
ಮಲಕವ್ವ


ಸಿಂಗಸಂದ್ರ
30 ಜುಲೈ 2024

ಮಲಕಿ,

ಇಲ್ಲ, ಹೋಗಿರಲಿಲ್ಲ. ನೀನು ಕೇಳಿದ ಮೇಲೆ ಹೋದೆ.

ಬಸ್ಸಲ್ಲಿ ಮೆಜೆಸ್ಟಿಕ್, ಅಲ್ಲಿಂದ ಮೆಟ್ರೋ. ಪೀಣ್ಯದಲ್ಲಿ ಇಳಿದು ಕಾರ್ಖಾನೆ ಗೇಟಲ್ಲಿ ವಿಚಾರಿಸ್ದೆ. ದಾಸಪ್ಪ ಕೆಲಸ ಬಿಟ್ಟು ಎರಡು ವರ್ಷ ಆಯ್ತು, ಈಗ ಯಾವುದೋ ಅಪಾರ್ಟ್‌ಮೆಂಟಲ್ಲಿ ವಾಚ್‌ಮನ್ ಅಂತ ಹೇಳಿ ಮನೆ ದಾರಿ ತೋರಿಸಿದ್ರು. ಬೀದಿ ಕೊನೇಲಿ ಒಂದು ರೂಮು. ಬಾಗಿಲು ತಟ್ಟಿದೆ.

ಅವರ ಹೆಂಡತಿ ಒಳಗೆ ಕರೆದು ನೀರು ಕೊಟ್ರು. ದಾಸಪ್ಪ ಮಂಚದ ಮೇಲೆ ಕೂತಿದ್ರು. ಐವತ್ತು ದಾಟಿರಬಹುದು. ಏನೇನೋ ಹೇಳಬೇಕು ಅಂತ ದಾರಿಯುದ್ದಕ್ಕೂ ಕಟ್ಕೊಂಡು ಹೋಗಿದ್ದೆ. ಬಾಯಿಗೆ ಬಂದಿದ್ದು ಒಂದೇ ಮಾತು: “ಅಣ್ಣಾ, ಆ ಕೋಟು ಹೊಲಿಸಿದ್ದು ನಾನು.”

“ಈಗ ಬಂದ್ರಾ?” ಅಂದ್ರು.

ನಾನು ನೆಲದ ಮೇಲೆ ಕೂತೆ.

“ನಿಮ್ಮ ಜೊತೆಯವರು ಆಗಲೇ ಬಂದಿದ್ರಲ್ಲ” ಅಂದ್ರು.

“ಯಾರು?”

“ಬಾಗಲಕೋಟೆ ಕಡೆ ಮಾತು. ಆಸ್ಪತ್ರೆಗೆ ಮೂರು ದಿನ ಬಂದ್ರು. ಒಳಗೆ ಬರ್ತಿರಲಿಲ್ಲ, ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದು ಹೋಗೋರು. ಮೂರನೇ ದಿನ ನನ್ನ ಹೆಂಡತಿನೇ ಒಳಗೆ ಕರ್ಕೊಂಡು ಬಂದ್ಲು. ‘ತೋಳು ಸಡಿಲ ಐತಿ ಅಂತ ನನಗ ಗೊತ್ತಿತ್ತು’ ಅಂತ ಹೇಳಿ ಅಳಕ್ಕೆ ಶುರು ಮಾಡಿದ್ರು. ಇಂಜೆಕ್ಷನ್ ಅಮಲಲ್ಲಿದ್ದೆ, ನನಗೆ ಏನೂ ಅರ್ಥ ಆಗಲಿಲ್ಲ.”

ನನಗೆ ಅರ್ಥ ಆಯ್ತು ಮಲಕಿ.

ಅವರು ಬೈಯಲಿಲ್ಲ. ಸರಿ ಹೋಯ್ತು ಬಿಡಿ ಅಂತಾನೂ ಅನ್ನಲಿಲ್ಲ. “ಟೀ ಕುಡೀತೀರಾ?” ಅಂತ ಕೇಳಿದ್ರು, ಬೇಡ ಅಂದೆ. ಮೆಟ್ರೋದಲ್ಲಿ ಎದುರು ಸೀಟಿನ ಹೆಂಗಸು “ಯಾಕಮ್ಮಾ, ಹುಷಾರಿಲ್ವಾ?” ಅಂತ ಕೇಳೋ ಹಾಗಿತ್ತು ನನ್ನ ಮುಖ.

ನಿಂಗೆ ಗೊತ್ತಿತ್ತಾ? ಕೋಟು ನಮ್ಮ ರೂಮಿಂದ ಹೋಗೋ ಮುಂಚೆನೇ ಗೊತ್ತಿತ್ತಾ? ಹೌದು ಇಲ್ಲ ಅಂತ ಬರಿ, ಸಾಕು.

ವೆಂಕಟಮ್ಮ


ಗುಳೇದಗುಡ್ಡ
11 ಸೆಪ್ಟೆಂಬರ್ 2024

ಅಕ್ಕಾ,

ಹೌದು.

ಅಷ್ಟಕ್ಕ ಸಾಕು ಅಂದಿ, ನಾನೂ ಅಷ್ಟ ಬರದು ಲಕೋಟಿ ಅಂಟಿಸಿದ್ನಿ. ಅಂಚಿ ಆಫೀಸಿನ ತನಕ ಹೋಗಿ ಹೊಳ್ಳಿ ಬಂದ್ನಿ. ಮತ್ತ ಸುಮ್ಮನ ಇದ್ದಂಗ ಆಗ್ತೈತಿ ಅನಿಸ್ತು.

ಆ ಕೋಟು ಹೋಗೂದಕ್ಕ ಒಂಬತ್ತು ದಿನ ಮೊದಲ ಏನಾಗಿತ್ತು ನೆನಪೈತೇನು? ನೀ ಒಂದು ಕಾಲರ್ ಹೊಲದಿಟ್ಟಿದ್ದಿ. ನಾ ಅದನ್ನ ಎಲ್ಲಾ ಹುಡುಗ್ಯಾರ ಮುಂದ ಬಿಚ್ಚಿದ್ನಿ. ಬಿಚ್ಚಬಾರದಿತ್ತು. ಸೊಟ್ಟ ಏನ ಇರಲಿಲ್ಲ, ನನ್ನ ಕೈದು ಅಲ್ಲ ಅಷ್ಟ. ಯಾರು ಹೊಲದ್ರೂ ನನಗ ಹಂಗ ಆಗ್ತಿತ್ತು. ಎಂಟು ಮಂದಿ ಕೆಲಸಕ್ಕ ಇಟ್ಟು ಎಂಟು ಮಂದೀದೂ ನಾನ ಬಿಚ್ಚಿ ಹೊಲೀತಿದ್ನಿ. ನಿನ್ನ ಆರ್ಡರ್ ತಡ ಆಗಾಕ ಅರ್ಧ ಕಾರಣ ನನ್ನ ಕತ್ತರಿ.

ಅವತ್ತು ನಿನಗ ಸಿಟ್ಟು ಬಂತು. “ನಿನ್ನ ಕೈ ಒಂದೇ ಕೈಯೇನೇ? ಬಾಯಿ ಮುಚ್ಕೊಂಡು ನಿನ್ನ ಟೇಬಲ್ ನೋಡ್ಕೋ” ಅಂದಿ. ಹುಡುಗ್ಯಾರು ಕಿಸಕ್ ಅಂದ್ರು.

ನಾ ಬಾಯಿ ಮುಚ್ಚಿದ್ನಿ. ಅದು ನನಗ ಭಾಳ ಛಲೋ ಬರ್ತೈತಿ. ನಮ್ಮವ್ವಗೂ ಬರ್ತಿತ್ತು, ಅಪ್ಪನ ಕೂಡ ಒಂದು ವರ್ಷ ಮಾತು ಬಿಟ್ಟಿದ್ಲು. ಒಂಬತ್ತು ದಿನ ನಿನ್ನ ಕೂಡ ಮಾತಾಡಲಿಲ್ಲ. ನೀ ಎರಡು ಸರ್ತಿ ಚಾ ತಂದು ಟೇಬಲ್ ಮ್ಯಾಲ ಇಟ್ಟಿ. ಕುಡದ್ನಿ, ಮಾತಾಡಲಿಲ್ಲ.

ಕೋಟು ಮಡಚೂ ಮುಂದ ಒಂದು ತೋಳು ನನ್ನ ಕೈಗೆ ಬಂತು. ಎಲಾಸ್ಟಿಕ್ ಇಲ್ಲ, ಮಣಿಕಟ್ಟಿನಾಗ ಎರಡು ಬೊಟ್ಟು ಸಡಿಲ. ಮಷೀನ್ ಮುಂದ ನಿಲ್ಲೂ ಮಂದಿ ಹಾಕ್ಕೊಳ್ಳೂದು ಅಂತ ನನಗ ಗೊತ್ತಿತ್ತು. ನೀ ಅಲ್ಲೇ ಎದುರಿಗೆ ನಿಂತು ಪಾರ್ಸೆಲ್ ಕಟ್ಟಾಕ ಹತ್ತಿದ್ದಿ. ಒಂದು ಮಾತು, ಅಕ್ಕಾ. “ಇದು ತಪ್ಪೈತಿ” ಅನ್ನಬೇಕಿತ್ತು. ನಾ ಏನಂದ್ಕೊಂಡ್ನಿ ಅಂದ್ರ, ಹೋಗಲಿ, ಮಾಲು ವಾಪಸ್ ಬರಲಿ, ಆಗ ಈಕೀಗೆ ನನ್ನ ಕಿಮ್ಮತ್ತು ತಿಳೀತೈತಿ. ತೋಳು ಮಡಚಿ ಗಂಟಿನಾಗ ಇಟ್ನಿ.

ಮಾಲು ವಾಪಸ್ ಬರ್ತೈತಿ ಅಂದ್ಕೊಂಡಿದ್ನಿ. ಮನಷ್ಯಾನ ಕೈ ಮುರೀತೈತಿ ಅಂದ್ಕೊಂಡಿರಲಿಲ್ಲ.

ಸುದ್ದಿ ಬಂದ ದಿನ ನೀ ಗ್ವಾಡಿಗೆ ತಲಿ ಕೊಟ್ಟು “ನನ್ನಿಂದ ಆಯ್ತು, ನನ್ನಿಂದ ಆಯ್ತು” ಅಂತ ಅಳಾಕ ಹತ್ತಿದ್ದಿ. ನಾ ಬಾಗಲದಾಗ ನಿಂತಿದ್ನಿ. ಆಗರ ಹೇಳಬೇಕಿತ್ತು. ನಿನ್ನ ಮಾರಿ ನೋಡಾಕ ಆಗಲಿಲ್ಲ, ಊರಿಗೆ ಓಡಿ ಬಂದ್ನಿ.

ನಿಮ್ಮ ಸರ್ ಕೊಟ್ಟ ಹಾಳಿ ನನಗೂ ಒಂದು ಬೇಕಿತ್ತು. ನನ್ನ ಕೊರತಿ ನಾನ ಬರದೀನಿ, ನೋಡು. ಬಲ ಏನರ ಉಳದಿದ್ರ ನೀ ಬರಿ. ಇಲ್ಲಂದ್ರ ಬ್ಯಾಡ.

ಮಲಕವ್ವ


ಸಿಂಗಸಂದ್ರ
22 ಡಿಸೆಂಬರ್ 2024

ಮಲಕಿ,

ಮೂರು ಸಲ ಬರೆದು ಮೂರು ಸಲ ಹರಿದೆ. ಮೊದಲನೇದರಲ್ಲಿ ಬರೀ ಬೈಗುಳ. ಎರಡು ವರ್ಷ ನಾನೊಬ್ಬಳೇ ಹೊತ್ಕೊಂಡು ತಿರುಗಿದೆ, ನೀನು ಅಲ್ಲಿ ಹಾಯಾಗಿ ಕೂತಿದ್ದೆ ಅಂತ. ಎರಡನೇದರಲ್ಲಿ ನಿನ್ನನ್ನ ಕ್ಷಮಿಸಿದೀನಿ ಅಂತ ದೊಡ್ಡವಳ ಥರ ಬರೆದೆ. ಅದು ಸುಳ್ಳು. ಮೂರನೇದು ಏನು ಬರೆದೆ ಅಂತ ನೆನಪಿಲ್ಲ. ಸಿಟ್ಟು ಇನ್ನೂ ಇದೆ ಕಣೇ. ಆದ್ರೆ ಅದರ ಪಕ್ಕದಲ್ಲೇ ಆ ಆಸ್ಪತ್ರೆ ನೆಲನೂ ಕಾಣುತ್ತೆ. ನೀನು ಅಲ್ಲಿ ಕೂತಿದ್ದೆ. ನಾನು ಆ ಕಡೆ ತಲೆ ಹಾಕಿರಲಿಲ್ಲ.

ನವೆಂಬರಲ್ಲಿ ಇಲ್ಲೇ ಒಂದು ಮಹಡಿ ರೂಮಲ್ಲಿ ಕೆಲಸ ಶುರು ಮಾಡ್ದೆ. ಮೂರು ಮಷೀನು. ಶೈಲಶ್ರೀ ಅಂತ ಇಪ್ಪತ್ನಾಲ್ಕರ ಹುಡುಗಿ, ಇನ್ನೊಬ್ಬರು ಹೆಂಗಸು, ನಾನು. ಎದುರಿಗೆ ಬೇಕರಿ. ನಾಲ್ಕು ಗಂಟೆಗೆ ಬನ್ ಬೇಯೋ ವಾಸನೆ ಬರುತ್ತೆ. ಲಾಕ್‌ಡೌನ್ ಹೊತ್ತಲ್ಲಿ ನಮ್ಮ ಹಳೇ ರೂಮಲ್ಲಿ ಮಾಸ್ಕ್ ಹೊಲೀತಿದ್ದ ಸಂಜೆಗಳು ನೆನಪಾಗುತ್ತೆ. ಬೀದೀಲಿ ನರಪಿಳ್ಳೆ ಇರಲಿಲ್ಲ, ನಮ್ಮ ಎರಡು ಮಷೀನ್ ಸದ್ದು ಮಾತ್ರ. ನೀನು ನಿಲ್ಲಿಸಿದ್ರೆ ನಾನೂ ನಿಲ್ಲಿಸ್ತಿದ್ದೆ, ಯಾಕೆ ಅಂತ ಗೊತ್ತಿಲ್ಲ. ಈಗಲೂ ಪಕ್ಕದ ಮಷೀನ್ ನಿಂತ್ರೆ ನನ್ನ ಕಾಲು ತಾನೇ ಪೆಡಲ್ ಬಿಡುತ್ತೆ.

ಹೋದ ವಾರ ಒಬ್ಬರು ಫೋನ್ ಮಾಡಿ ಇನ್ನೂರು ಏಪ್ರನ್ ಒಂದೇ ವಾರದಲ್ಲಿ ಬೇಕು ಅಂದ್ರು. “ಆಗಲ್ಲ ಸಾರ್” ಅಂದೆ. ನಾಲಿಗೆ ತೊದಲಿತು, ಎರಡು ಸಲ ಹೇಳಬೇಕಾಯ್ತು. ಸಂತೋಷಪಡಬೇಡ. ಅವರು ಸರಿ ಅಂತ ಫೋನಿಟ್ಟು ಬೇರೆ ಕಡೆ ಕೊಟ್ರು. ಎರಡು ದಿನ ಮಷೀನ್ ಖಾಲಿ ನಿಂತಿತ್ತು. ತರಬೇತೀಲಿ ಈ ಎರಡು ದಿನದ ಬಗ್ಗೆ ಯಾರೂ ಹೇಳಿಕೊಡಲಿಲ್ಲ.

ಮೊನ್ನೆ ಶೈಲಶ್ರೀ ಒಂದು ಕೋಟು ತಂದು ಎಲ್ಲರ ಮುಂದೆ, “ಆಂಟಿ, ನೀವು ಜೇಬು ಉಲ್ಟಾ ಕಟ್ ಮಾಡಿದೀರ” ಅಂದ್ಲು. ನನಗೆ ಮೈಯೆಲ್ಲಾ ಉರೀತು. “ಬಾಯಿ ಮುಚ್ಕೊಂಡು” ಅಂತ ಶುರು ಮಾಡಿದ್ದೆ. ಅಷ್ಟಕ್ಕೇ ನಿಲ್ಲಿಸ್ದೆ. ಆ ಹುಡುಗಿ ನನ್ನ ಮುಖಾನೇ ನೋಡ್ತಾ ನಿಂತಿದ್ಲು. ಆಮೇಲೆ, “ಎಲ್ಲಿ ತೋರ್ಸು” ಅಂದೆ. ನಲವತ್ತು ಜೇಬೂ ಉಲ್ಟಾನೇ ಇತ್ತು. ಇಬ್ಬರೂ ಕೂತು ಬಿಚ್ಚಿದ್ವಿ. ನನ್ನ ಒಂದು ಮಾತು ಒಬ್ಬರ ಬಾಯಿ ಹೇಗೆ ಮುಚ್ಚಿಸುತ್ತೆ ಅಂತ ನಿನ್ನ ಕಾಗದ ಓದೋವರೆಗೂ ನನಗೆ ಗೊತ್ತಿರಲಿಲ್ಲ.

ನಿನ್ನ ಬಲ ಏನು ಅಂತ ಕೇಳಿದ್ದೆಯಲ್ಲ. ತಪ್ಪು ನಿನ್ನ ಕಣ್ಣಿಗೆ ಎಲ್ಲರಿಗಿಂತ ಮೊದಲು ಬೀಳುತ್ತೆ. ಅದಕ್ಕೆ ಬಾಯೊಂದು ಸೇರಿಸ್ಕೋ.

ವಾಪಸ್ ಬರ್ತೀಯಾ? ನಾಲ್ಕನೇ ಮಷೀನ್ ಇಡಕ್ಕೆ ಕಿಟಕಿ ಪಕ್ಕ ಜಾಗ ಇದೆ.

ವೆಂಕಟಕ್ಕ


ಗುಳೇದಗುಡ್ಡ
16 ಜನವರಿ 2025

ಅಕ್ಕಾ,

ನಿನ್ನೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡದ್ನಿ. ಈ ಕಾಗದದ ಕೂಡ ಪಾರ್ಸೆಲ್ ಬರ್ತೈತಿ. ಮುರದಿದ್ರ ಮುರದದ್ದ ತಿನ್ನು.

ನಾ ಬರಾಂಗಿಲ್ಲ. ಸಿಟ್ಟಾಗಬ್ಯಾಡ. ಕಾಗದದಾಗ ನಾವು ಶ್ಯಾಣ್ಯಾರ ಆಗೀವಿ, ಒಂದ ರೂಮಿನಾಗ ಆಗೀವೋ ಇಲ್ಲೋ ಗೊತ್ತಿಲ್ಲ. ಅದೂ ಅಲ್ಲದ ಇಲ್ಲಿ ನನ್ನ ಹತ್ರ ಐದು ಹುಡುಗ್ಯಾರು ಕಲಿಯಾಕ ಬರ್ತಾರ. ಮೊದಲ ಒಂಬತ್ತು ಮಂದಿ ಇದ್ರು, ನಾ ಬಿಚ್ಚೂದು ನೋಡಿ ನಾಕು ಮಂದಿ ಬಿಟ್ಟು ಹೋದ್ರು. ಈಗ ಒಬ್ಬಾಕಿ ಖಣದ ಕುಪ್ಪಸ ಹೊಲದಾಳ. ಹೊಲಿಗಿ ಒಂದು ಕಡೆ ಸ್ವಲ್ಪ ಏರೈತಿ. ನಾ ಮುಟ್ಟಲಿಲ್ಲ. “ಇಲ್ಲಿ ಏರೈತಿ, ಮುಂದಿನದ್ರಾಗ ನೋಡ್ಕೋ” ಅಂತ ಬಾಯಿಲೆ ಹೇಳಿದ್ನಿ. ಗಿರಾಕಿ ಬಂದು ಒಯ್ಯೂ ತನಕ ನನ್ನ ಕತ್ತರಿ ಪೆಟ್ಟಿಗ್ಯಾಗ ಮುಚ್ಚಿ ಇಟ್ಟಿದ್ನಿ. ಆಕಿ ಒಯ್ದ್ಲು. ಏನೂ ಅನ್ನಲಿಲ್ಲ.

ಇವರನ್ನ ಬಿಟ್ಟು ಬರಾಕ ಮನಸಿಲ್ಲ. ಒಮ್ಮೆ ಹೇಳದ ಬಿಟ್ಟು ಬಂದೀನಿ, ಅದ ಸಾಕು.

ದಾಸಪ್ಪನ ಮನಿಗೆ ಹೋಗೂದು ಬಿಡಬ್ಯಾಡ. ಚಾ ಕೊಟ್ರ ಕುಡಿ.

ಇಂತಿ ನಿನ್ನ,
ಮಲಕಿ


ಸಿಂಗಸಂದ್ರ
23 ಮಾರ್ಚ್ 2025

ಮಲಕಿ,

ರೊಟ್ಟಿ ಒಂದೂ ಮುರಿದಿರಲಿಲ್ಲ. ಶೈಲಶ್ರೀ ಮೂರು ತಿಂದ್ಲು. ನೀನು ಬರಲ್ಲ ಅಂತ ಓದಿ ಆ ದಿನ ಪೂರ್ತಿ ಮುಖ ಊದಿಸ್ಕೊಂಡಿದ್ದೆ. ಆಮೇಲೆ ಕಿಟಕಿ ಪಕ್ಕ ಬಟ್ಟೆ ಕತ್ತರಿಸೋ ಮೇಜು ಹಾಕಿಸಿದೆ.

ದಾಸಪ್ಪ ಅವರ ಮನೆಗೆ ಎರಡು ಸಲ ಹೋಗಿ ಬಂದೆ. ಟೀ ಕುಡಿದೆ. ಅವರು ಹೆಚ್ಚು ಮಾತಾಡೋ ಮನುಷ್ಯ ಅಲ್ಲ. ಬಿಸಿಲು ಜಾಸ್ತಿ, ನೀರು ಬರ್ತಿಲ್ಲ, ಅಷ್ಟೇ. ಎರಡನೇ ಸಲ ಹೊರಡೋವಾಗ ನಮ್ಮ ರೂಮು ಎಲ್ಲಿ ಅಂತ ಕೇಳಿದ್ರು. ಹೇಳ್ದೆ. ಸುಮ್ಮನೆ ಕೇಳಿರಬೇಕು ಅಂದ್ಕೊಂಡೆ.

ಇವತ್ತಿಗೆ ಎಂಟು ದಿನ ಆಯ್ತು. ಮಹಡಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಿದ್ರು, ಕೈಯಲ್ಲೊಂದು ಚೀಲ. ಅದರಲ್ಲಿ ಬಿಳಿ ಬಟ್ಟೆ. “ತಮ್ಮನ ಮಗಳ ಮದುವೆ ಇದೆ. ತುಂಬು ತೋಳಿನ ಶರ್ಟು ಹೊಲಿದುಕೊಡ್ತೀರಾ?” ಅಂದ್ರು. ಆಮೇಲೆ ನೆಲ ನೋಡ್ತಾ, “ರೆಡಿಮೇಡ್ ತಗೊಂಡ್ರೆ ಒಂದು ತೋಳು ಉದ್ದ ಆಗುತ್ತೆ” ಅಂದ್ರು.

ನನಗೆ ಮೊದಲು ಗೊತ್ತಾಗಲಿಲ್ಲ. ಎಡಗೈ ಅಳತೆ ತಗೊಂಡೆ. ಬಲಗೈ ತಗೊಂಡೆ. ಟೇಪ್ ತಪ್ಪಿರಬೇಕು ಅಂತ ಇನ್ನೊಂದು ಸಲ ಹಿಡಿದೆ. ತಪ್ಪಿರಲಿಲ್ಲ. ಮೂಳೆ ಕೂಡಿದ ಮೇಲೆ ಆ ಕೈ ಸ್ವಲ್ಪ ಬಾಗಿ ಗಿಡ್ಡ ಆಗಿದೆ. ಹಾಳೆ ಮೇಲೆ ಬರ್ಕೋತಿದ್ದ ಶೈಲಶ್ರೀ, “ಆಂಟಿ, ಎರಡು ತೋಳೂ ಒಂದೇ ತಾನೇ?” ಅಂತ ಕೇಳಿದ್ಲು. “ಇಲ್ಲಮ್ಮ, ಬೇರೆ ಬೇರೆ” ಅಂದೆ.

ಯಾರ ಕೈಗೂ ಕೊಡಲಿಲ್ಲ, ನಾನೇ ಹೊಲಿದೆ. ನಿನ್ನಷ್ಟು ನಯ ಬರಲಿಲ್ಲ. ಶೈಲಶ್ರೀ ನೋಡಿ ಒಂದು ಕಡೆ ತಪ್ಪಿದೆ ಅಂದ್ಲು, ಬಿಚ್ಚಿ ಮತ್ತೆ ಹೊಲಿದೆ. ನಿನ್ನೆ ಅವರು ಬಂದು ಇಲ್ಲೇ ಹಾಕ್ಕೊಂಡ್ರು. ಆ ಬಲಗೈಯಲ್ಲಿ ಎಡ ತೋಳಿನ ಕಫಿನ ಗುಂಡಿ ಹಾಕ್ಕೊಳ್ಳಕ್ಕೆ ಅವರಿಗೆ ಹೊತ್ತಾಯ್ತು. ನಾನು ಮುಂದೆ ಹೋಗಲಿಲ್ಲ, ಕಾದೆ. ಬಲಗೈ ಮುಂದಕ್ಕೆ ಚಾಚಿದ್ರು, ಮಡಚಿದ್ರು, ಮಣಿಕಟ್ಟಿನೊಳಗೆ ಒಂದು ಬೆರಳು ಹಾಕಿ ನೋಡಿದ್ರು. “ಸರಿಯಾಗಿದೆ” ಅಂದ್ರು. ಹಳೇ ಶರ್ಟು ಚೀಲಕ್ಕೆ ಹಾಕ್ಕೊಂಡು ಹೊಸದರಲ್ಲೇ ಇಳಿದು ಹೋದ್ರು.

ಎಡಗೈ ಇಪ್ಪತ್ನಾಲ್ಕು. ಬಲಗೈ ಇಪ್ಪತ್ಮೂರು ಕಾಲು. ನೀನೂ ಒಂದು ಕಡೆ ಬರೆದಿಟ್ಕೋ ಮಲಕಿ.

ನಿನ್ನ,
ವೆಂಕಟಕ್ಕ